ಒಕ್ತಾವನ ಪಾಲಿನ ನೀರು

ನಮ್ಮ ಶಿಬಿರದಲ್ಲಿ ಇರುವುದು ಎಂಟು ಮರದ ಗುಡಿಸಲು, ಎರಡು ಪಾಯಿಖಾನೆ, ಒಂದು ನಲ್ಲಿ, ಬೆಂಕಿ ಹಾಕಲು ಕಲ್ಲು ಜೋಡಿಸಿದ ಒಂದು ಜಾಗ. ಇಷ್ಟಕ್ಕೆ ನಾನು ಯಜಮಾನಿ. ಪಟ್ಟಣದವರು ಬಂದು ಬಿಸಿನೀರು ಎಲ್ಲಿ ಎಂದು ಕೇಳಿದರೆ, ಬೆಂಕಿ ಅಲ್ಲಿದೆ, ಪಾತ್ರೆ ಇಲ್ಲಿದೆ ಅನ್ನುತ್ತೇನೆ. ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಹತ್ತಿರ ಬಂದ ಮೇಲೆ ಹಾಸಿಗೆ ಗಟ್ಟಿ, ಇಲಿ ಕಾಟ, ಫೋನಿಗೆ ಸಿಗ್ನಲ್ ಇಲ್ಲ ಎಂದು ನನ್ನ ಮೇಲೆ ರೇಗಿದರೆ ನಾನೇನು ಮಾಡಲಿ. ಆದರೆ ಒಂದು ಮಾತನ್ನು ಮಾತ್ರ ಯಾರಿಗೂ ಹೇಳದೆ ಬಿಟ್ಟವಳಲ್ಲ: ಬಾಟಲಿ ತುಂಬಿಸಿಕೊಂಡು ಹತ್ತಿ. ನಮ್ಮದು ಸುಣ್ಣಕಲ್ಲಿನ ಬೆಟ್ಟ. ಎಷ್ಟು ಮಳೆ ಬಿದ್ದರೂ ಕುಡಿದುಬಿಡುತ್ತದೆ. ಮರಗಳ ಸಾಲು ದಾಟಿದ ಮೇಲೆ ಅಲ್ಲಿ ಒಂದು ಗುಟುಕು ನೀರಿಲ್ಲ. ಇರುವುದು ಬಾವಿಯಷ್ಟು ಆಳದ ಬಿರುಕುಗಳು.

ಒಕ್ತಾವನಿಗೂ ಹೇಳಿದ್ದೆ. ಆಗಸ್ಟ್ ಕೊನೆಯಲ್ಲಿ ಒಬ್ಬನೇ ಬಂದ ಹುಡುಗ ಅವನು, ದನ್ಯೂಬ್ ನದಿಯ ದಂಡೆಯ ಗಲಾತ್ಸಿನವನು. ಅಂಗೈಯಷ್ಟು ಸಪಾಟಾದ ಊರಂತೆ ಅದು. ಗುಡಿಸಲು ಬೇಡ ಎಂದು ಬೀಚ್ ಮರದ ಕೆಳಗೆ ತನ್ನ ಹಸಿರು ಡೇರೆ ಹಾಕಿಕೊಂಡ. ಸಂಜೆ ನನ್ನ ಬೀನ್ಸ್ ಕಾಳಿನ ಸಾರು ಎರಡು ಬಟ್ಟಲು ಕುಡಿದು ಬಾಯಿ ಒರೆಸಿಕೊಂಡ.

"ನಮ್ಮಮ್ಮ ಮಾಡೋದಕ್ಕಿಂತ ಚೆನ್ನಾಗಿದೆ ಅಜ್ಜಿ. ಅವಳು ಎಲ್ಲಾದ್ರೂ ಸಿಕ್ಕಿದ್ರೆ ಹೇಳ್ಬಿಟ್ಟೀರಿ ಮತ್ತೆ."

"ಅಜ್ಜಿ ಯಾರೋ ನಿಂಗೆ? ಅಕ್ಕ ಅನ್ನು," ಅಂದೆ.

ನಕ್ಕ. ನಲ್ಲಿಯ ಹತ್ತಿರ ಹೋಗಿ ನೀಲಿ ಬಾಟಲಿಯೊಂದನ್ನು ತುಂಬಿಸಿ ಮುಚ್ಚಳ ಬಿಗಿ ಮಾಡಿದ್ದನ್ನು ಕಣ್ಣಾರೆ ಕಂಡೆ. ಮಾರನೆಯ ದಿನ ನಾನು ಏಳುವುದರೊಳಗೆ ಹತ್ತಿ ಹೋಗಿದ್ದ. ಸುಡುವ ಬಿಸಿಲಿನ ದಿನ ಅದು. ಸಂಜೆಯ ಹೊತ್ತಿಗೆ ಮಂಜು ಇಳಿಯಿತು, ಅವನು ಇಳಿಯಲಿಲ್ಲ.

ರಕ್ಷಣಾ ತಂಡ ಬಂತು, ನಾಯಿಗಳು ಬಂದವು, ಹೆಲಿಕಾಪ್ಟರ್ ಬಂತು. ತಂಡದ ಹಿರಿಯ ಪಾಂತೆಲಿಮೋನ್ ನಮ್ಮ ರುಂಕ್ಶೋರ್ ಹಳ್ಳಿಯವನೇ, ನನ್ನ ಓರಗೆಯವನು.

"ಲಿಯೊಂತಿನಾ, ಹುಡುಗನ ಹತ್ರ ನೀರಿತ್ತಾ?" ಎಂದು ಅವನು ಮೊದಲು ಕೇಳಿದ್ದೇ ಅದು.

"ಇತ್ತು. ತುಂಬಿಸ್ಕೊಂಡಿದ್ದು ನಾನೇ ನೋಡ್ದೆ."

"ಹಾಗಾದ್ರೆ ಇನ್ನೂ ಸ್ವಲ್ಪ ದಿನ ಆಸೆ ಇಟ್ಕೋಬೋದು."

ಆ ಆಸೆಯ ಮೇಲೆ ವಾರಗಟ್ಟಲೆ ಹುಡುಕಿದರು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ಇವರಿಗೆ ಇಲಿಯೂ ಸಿಗಲಿಲ್ಲ. ಕೊನೆಗೆ ಪಾಂತೆಲಿಮೋನ್ ಹಗ್ಗ ಸುತ್ತಿ ಜೀಪಿನೊಳಗೆ ಎಸೆದು, "ಇನ್ನು ಹಿಮ ಕರಗಿದ ಮೇಲೆ," ಅಂದ. ಅಂದರೆ ಮುಂದಿನ ವಸಂತಕ್ಕೆ, ಅದೂ ಹೆಣಕ್ಕೆ. ಅಲ್ಲಿ ನಿಂತಿದ್ದ ಎಲ್ಲರಿಗೂ ಅರ್ಥವಾಯಿತು. ಅವನ ತಾಯಿ ಒರ್ತಾನ್ಸಾ ಮಾತ್ರ ತಲೆಯಾಡಿಸಿ, ಡೇರೆಯ ಮೇಲೆ ಬಿದ್ದಿದ್ದ ಎಲೆಗಳನ್ನು ಗುಡಿಸಲು ಹೋದಳು.

ಸುದ್ದಿ ತಿಳಿದ ಮರುದಿನವೇ ಬಂದವಳು ಅವಳು. ಶಾಲೆಯಲ್ಲಿ ಸಂಗೀತ ಹೇಳಿಕೊಡುವವಳಂತೆ. ಗಂಡ ಬಿಟ್ಟು ಹೋಗಿ ಬಹಳ ವರ್ಷವಾಗಿತ್ತು, ಇದ್ದವನು ಇವನೊಬ್ಬ. ಡೇರೆಯ ಎದುರಿಗಿರುವ ಮೂರನೇ ಗುಡಿಸಲಲ್ಲಿ ಉಳಿದಳು. ಬಿಸಿಲು ಬಂದರೆ ಮಗನ ಮಲಗುವ ಚೀಲವನ್ನು ಹಗ್ಗದ ಮೇಲೆ ಒಣಗಿಸುತ್ತಿದ್ದಳು, ಮಳೆ ಬಂದರೆ ಡೇರೆಯ ಸುತ್ತ ಕಾಲುವೆ ತೋಡುತ್ತಿದ್ದಳು. ಅದನ್ನು ಮಡಚಿ ಒಳಗಿಡೋಣ ಎಂದರೆ ಒಪ್ಪಲಿಲ್ಲ. "ಬಂದಾಗ ಎಲ್ಲಿ ಮಲಗ್ತಾನೆ?" ಅನ್ನುತ್ತಿದ್ದಳು, ಸಂತೆಗೆ ಹೋದವನ ಮಾತಾಡಿದ ಹಾಗೆ. ಜೋಳದ ಹಿಟ್ಟಿನ ಮುದ್ದೆಯನ್ನು ಇಬ್ಬರಿಗಾಗುವಷ್ಟು ಮಾಡುತ್ತಿದ್ದಳು. ಮೇಜಿನ ಮೇಲೆ ಎರಡು ಚಮಚ.

ನನಗೆ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಳುವವರನ್ನು ಕಂಡರೆ ಪಕ್ಕದಲ್ಲಿ ಕೂತು ಬೆನ್ನು ಸವರಬಹುದು. ಅಳದೆ ಎಲೆ ಗುಡಿಸುವವಳನ್ನು ಏನು ಮಾಡುವುದು?

ಸಿಟ್ಟಿಗೆ ಬೇರೆ ಕಾರಣವೂ ಇತ್ತು. ನನ್ನ ಗಂಡ ಯೋರ್ದಾಕೆ ಬೆಟ್ಟದಾಚೆ ಕಲ್ಲಿದ್ದಲ ಗಣಿಯಲ್ಲಿದ್ದ. ಗಣಿಯೊಳಗೆ ಬೆಂಕಿ ಬಿದ್ದು, ಒಳಗಿದ್ದವರ ಸಮೇತ ಆ ಸುರಂಗಕ್ಕೆ ಗೋಡೆ ಕಟ್ಟಿಬಿಟ್ಟರು. ನಮ್ಮ ಕಡೆ ಸತ್ತವರಿಗೆ ನಲವತ್ತು ದಿನ ನೀರು ಹೊರಬೇಕು. ಬೆಳಿಗ್ಗೆ ಬುಗ್ಗೆಯಿಂದ ಹೂಜಿ ತುಂಬಿಸಿ, ಅದರ ಕಂಠಕ್ಕೆ ಒಂದು ಮೇಣದಬತ್ತಿ ಹಚ್ಚಿ ಅಂಟಿಸಿ, ಪಕ್ಕದ ಮನೆಗೆ ಒಯ್ದು, ಇಂಥವರ ಹೆಸರಲ್ಲಿ ಎಂದು ಕೊಡಬೇಕು. ತೆಗೆದುಕೊಂಡವರು ಒಂದು ಗುಟುಕು ಕುಡಿದು "ದೇವರು ಅವರನ್ನು ಕ್ಷಮಿಸಲಿ" ಅನ್ನಬೇಕು. ಅಂದರೆ ಆ ಗುಟುಕು ಸತ್ತವರ ಗಂಟಲಿಗೆ ಹೋಗುತ್ತದೆ. ಬೇರೆ ಏನು ಹೇಳಿದರೂ ಅದು ಬರೀ ನೀರು. ಯೋರ್ದಾಕೆಗೆ ನೀರು ಹೊರಲು ನನ್ನ ಅತ್ತೆ ಬಿಡಲಿಲ್ಲ. ಹೆಣ ನೋಡದೆ ನನ್ನ ಮಗನನ್ನು ಸಾಯಿಸಬೇಡ ಎಂದು ಹೂಜಿಗೆ ಅಡ್ಡ ನಿಂತಳು. ಆ ವರ್ಷವೆಲ್ಲ ಅವನು ನನ್ನ ಕನಸಿಗೆ ಬಂದ. ಮಾತಿಲ್ಲ. ತನ್ನ ಟೋಪಿಯನ್ನು ಬಟ್ಟಲಿನ ಹಾಗೆ ಹಿಡಿದು ಕಲ್ಲಿನ ಮೇಲೆ ಕೂತಿರುತ್ತಿದ್ದ. ತುಟಿಗಳು ಬಿರಿದಿರುತ್ತಿದ್ದವು. ಅತ್ತೆ ಹೋದಳು, ಕಾಲ ಹೋಯಿತು, ಆ ತುಟಿ ನನ್ನ ಕಣ್ಣಿನಿಂದ ಹೋಗಲಿಲ್ಲ.

ಹಾಗಾಗಿ ಹುಡುಕುವವರು ಹೊರಟುಹೋದ ಮೇಲೆ ನಾನು ಒಂದು ನಿರ್ಧಾರ ಮಾಡಿದೆ. ಈ ಹುಡುಗನಿಗೆ ಆ ಗತಿ ಬರಬಾರದು.

ಹೂಜಿ ಹೊತ್ತು ಮೊದಲು ಹೋದದ್ದು ಹಳ್ಳಿಯ ತುದಿಮನೆಯ ಸಾವೆತಳ ಹತ್ತಿರ. ಊರಿನ ಎಲ್ಲ ಸತ್ತವರ ನೀರನ್ನೂ ಕುಡಿದ ಮುದುಕಿ ಅವಳು. ಮೇಣದಬತ್ತಿ ಕಂಡಕೂಡಲೇ ಕಣ್ಣು ಸಣ್ಣ ಮಾಡಿದಳು.

"ಯಾರದ್ದೇ ಇದು?"

"ಶಿಬಿರದ ಹುಡುಗಂದು."

"ಹೆಣ ಸಿಕ್ತಾ?"

"ಇಲ್ಲ."

"ಪಾದ್ರಿ ಬಂದು ಪ್ರಾರ್ಥನೆ ಮಾಡಿದ್ರಾ?"

"ಇಲ್ಲ ಕಣಕ್ಕ."

"ಮತ್ತೆ ನಾನ್ಯಾಕೆ ಕುಡೀಲಿ? ಬದುಕಿರೋನ ಹೆಸರಲ್ಲಿ ಕುಡಿದ್ರೆ ಅವನು ಇದ್ದ ಜಾಗದಲ್ಲೇ ಒಣಗಿ ಹೋಗ್ತಾನೆ. ಆ ಪಾಪ ನನ್ನ ತಲೆಗೆ ಕಟ್ಬೇಡ, ನಂದೇ ನಂಗೆ ಸಾಕಾಗಿದೆ."

"ಬದುಕಿಲ್ಲ ಸಾವೆತಕ್ಕ. ಇಷ್ಟು ದಿನ ಆ ಕಲ್ಲಿನ ಮೇಲೆ ಯಾರು ಬದುಕ್ತಾರೆ?"

"ಅದನ್ನ ಹೇಳೋಕೆ ನೀನ್ಯಾರು? ಸಾವಿನ ಮನೆ ಸೊಸೆನಾ? ಹೋಗು, ನಿನ್ನ ಇಲಿಗಳಿಗೆ ಕುಡಿಸು," ಎಂದು ಬಾಗಿಲು ಹಾಕಿದಳು.

ಆಗ ನಾನು ಯಾರೂ ಮಾಡದ ಕೆಲಸ ಮಾಡಿದೆ. ಅದೇ ಸಮಯಕ್ಕೆ ಕಾಡುಹಂದಿಗಳು ಪೈಪು ಅಗೆದು ಒಡೆದುಹಾಕಿ, ನಲ್ಲಿ ನಿಂತಿತ್ತು. ಶಿಬಿರ ಮುಚ್ಚುವ ಕಾಲ, ಇನ್ನು ವಸಂತಕ್ಕೆ ನೋಡೋಣ ಎಂದು ಪಂಚಾಯಿತಿಯವರು ಕೈ ತೊಳೆದುಕೊಂಡರು. ನೀರಿಗೆ ಕೆಳಗಿನ ಕಮರಿಯ ಬುಗ್ಗೆಗೇ ಇಳಿಯಬೇಕು, ಜಾರುವ ದಾರಿ. ಒರ್ತಾನ್ಸಮ್ಮನಿಗೆ, ನೀವು ಇಳಿಯಬೇಡಿ, ನಿಮ್ಮ ನೀರು ನಾನು ತರುತ್ತೇನೆ ಅಂದೆ. ಪ್ರತಿ ಬೆಳಿಗ್ಗೆ ಬುಗ್ಗೆಯ ಹತ್ತಿರ ಬತ್ತಿ ಹಚ್ಚಿ, ಒಕ್ತಾವನ ಹೆಸರು ಹೇಳಿ, ಮೇಲೆ ಹತ್ತಿ ಬಂದು, ಗುಡಿಸಲಿನ ಹಿಂದೆ ನಿಂತು ಬತ್ತಿ ಊದಿ ಆರಿಸಿ, ಹೂಜಿಯನ್ನು ಅವಳ ಕೈಗೆ ಕೊಡುತ್ತಿದ್ದೆ. ಸತ್ತವನ ಮನೆಯವರು ನೀರು ಕೊಡುವವರೇ ಹೊರತು ತೆಗೆದುಕೊಳ್ಳುವವರಲ್ಲ. ಗೊತ್ತಿತ್ತು ನನಗೆ. ಆದರೆ ಆ ಕಾಡಿನಲ್ಲಿ ಬೇರೆ ಯಾವ ಬಾಯಿ ಇತ್ತು? ಒಂದು ದಿನ ಎಲ್ಲ ಹೇಳಿದರಾಯಿತು, ಅವಳೇ ಆ ಮಾತನ್ನು ಆಡುತ್ತಾಳೆ, ಅವಳ ಎದೆಯೂ ಇಳಿಯುತ್ತದೆ, ಹುಡುಗನ ಗಂಟಲೂ ತಣಿಯುತ್ತದೆ ಎಂದು ನನ್ನ ಲೆಕ್ಕಾಚಾರ.

ಅವಳು ದಿನವೂ ಹೂಜಿ ತೆಗೆದುಕೊಂಡು, "ತುಂಬಾ ಉಪಕಾರ ಆಯ್ತು," ಅನ್ನುತ್ತಿದ್ದಳು. ಬಾಗಿಲು ಮುಚ್ಚುತ್ತಿದ್ದಳು. ನಾನು ಬರಿಗೈಯಲ್ಲಿ ನಿಂತು, ಇವತ್ತೂ ಹೋಗಲಿಲ್ಲ ಮಗಾ ನಿನಗೆ ಅಂದುಕೊಳ್ಳುತ್ತಿದ್ದೆ.

ಹೇಳಬೇಕು ಹೇಳಬೇಕು ಅಂದುಕೊಳ್ಳುತ್ತಲೇ ಅಕ್ಟೋಬರ್ ಬಂತು. ಬೀಚ್ ಮರದ ಎಲೆಗಳೆಲ್ಲ ಉದುರಿದವು. ಒಂದು ಮಧ್ಯಾಹ್ನ ಒರ್ತಾನ್ಸಾ ಬ್ರೆಡ್ ತರಲು ಹಳ್ಳಿಗೆ ಹೋದಳು. ಎಲುಬಿಲ್ಲದ ನಾಲಿಗೆ ಸಾವೆತಳದ್ದು. ಬೇಲಿಗೆ ಒರಗಿ ನಿಂತು ಕರೆದು ಮಾತಾಡಿಸಿ, ನಾನು ಹೂಜಿ ಹೊತ್ತು ಬಂದದ್ದು, ನನ್ನ ಗಂಡನ ಕತೆ, ಎಲ್ಲ ಹೇಳಿಬಿಟ್ಟಿದ್ದಾಳೆ. ನಾನು ಸೌದೆ ಒಡೆಯುತ್ತಿದ್ದೆ. ಒರ್ತಾನ್ಸಾ ಬಂದು ನನ್ನ ಎದುರು ನಿಂತಳು. ಬ್ರೆಡ್ ತಂದಿರಲಿಲ್ಲ.

"ನೀವು ದಿನಾ ತಂದುಕೊಡೋ ನೀರು ಯಾರ ಹೆಸರಲ್ಲಿ?"

ಸುಳ್ಳು ಹೇಳಬಹುದಿತ್ತು. ಬರಲಿಲ್ಲ.

"ಒಕ್ತಾವನ ಹೆಸರಲ್ಲಿ."

"ಅದಕ್ಕೇ ಹೂಜಿಗೆ ಮೇಣದ ವಾಸನೆ. ನಾನು ನೀವು ಚರ್ಚಿಂದ ಬರ್ತೀರೇನೋ ಅಂದ್ಕೊಂಡಿದ್ದೆ." ಅವಳ ದನಿ ಏರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. "ಬದುಕಿರೋ ಮಗನ ಹೆಸರಲ್ಲಿ ಸತ್ತೋರ ನೀರು ತಂದು ಅವನ ತಾಯಿ ಕೈಗೇ ಕೊಟ್ರಲ್ಲ. ಹೇಗೆ ಮನಸ್ಸು ಬಂತು ನಿಮಗೆ?"

"ಸತ್ತೋರಿಗೆ ಬಾಯಾರಿಕೆ ಇರುತ್ತಮ್ಮ. ನಾನು ಕಂಡಿದೀನಿ."

"ನೀವು ಕಂಡಿದ್ದು ನಿಮ್ಮ ಗಂಡನ್ನ. ನಿಮ್ಮ ಸಾವನ್ನ ತಂದು ನನ್ನ ಮಗನ ಮೇಲೆ ಹಾಕ್ಬೇಡಿ."

ಒಳಗೆ ಹೋಗಿ ಹೂಜಿ ತಂದಳು. ಉಳಿದ ನೀರನ್ನು ನನ್ನ ಸೌದೆಯ ಪಕ್ಕದಲ್ಲಿ ನಿಧಾನವಾಗಿ ಸುರಿದು, ಖಾಲಿ ಹೂಜಿಯನ್ನು ನನ್ನ ಕೈಗಿಟ್ಟಳು.

"ನಾಳೆಯಿಂದ ಬರಬೇಡಿ," ಅಂದಳು.

ನನ್ನ ಅತ್ತೆ ಹೂಜಿಗೆ ಅಡ್ಡ ನಿಂತಾಗ ಅವಳ ಮುಖ ಹೀಗೇ ಇತ್ತೇನೋ. ಆಗ ನಾನು ಹೂಜಿಯನ್ನಷ್ಟೇ ನೋಡಿದ್ದೆ.

ಮರುದಿನದಿಂದ ಅವಳೇ ಬುಗ್ಗೆಗೆ ಇಳಿದಳು, ಅಲ್ಯೂಮಿನಿಯಂ ಪಾತ್ರೆ ಹಿಡಿದು, ಪಟ್ಟಣದ ಬೂಟಿನಲ್ಲಿ. ಮೊದಲ ದಿನವೇ ಜಾರಿ ಮೊಣಕಾಲು ಕೆತ್ತಿಕೊಂಡಳು. ಕುಂಟುತ್ತ ಹತ್ತಿ ಬಂದದ್ದನ್ನು ಕಿಟಕಿಯಿಂದ ನೋಡಿದೆ, ಹತ್ತಿರ ಹೋಗಲು ಮುಖವಿರಲಿಲ್ಲ. ಅವತ್ತಿನಿಂದ ಅವಳು ಏಳುವ ಮೊದಲೇ ಎದ್ದು, ಕಾಲು ಜಾರದಿರಲಿ ಎಂದು ಒಲೆಯ ಬೂದಿ ಒಯ್ದು ಆ ದಾರಿಗೆ ಚೆಲ್ಲಿ ಬರುತ್ತಿದ್ದೆ. ಬೂದಿ ಯಾರದ್ದೆಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ, ಕಾಡಿನಲ್ಲಿ ಇದ್ದವರು ಇಬ್ಬರೇ. ಆದರೂ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಅಕ್ಟೋಬರ್ ಕೊನೆಯಲ್ಲಿ ಪಾಂತೆಲಿಮೋನ್ ಬಂದ. ಮೂಗು ಮೇಲೆತ್ತಿ ಗಾಳಿ ಮೂಸಿದ.

"ಹಿಮ ಬರ್ತಿದೆ. ನಾಳೆ ಮಧ್ಯಾಹ್ನ ಜೀಪು ತರ್ತೀನಿ, ಇಬ್ರೂ ಇಳೀರಿ."

"ಅವಳು ಬರಲ್ಲ," ಅಂದೆ.

"ಬರಲ್ಲ ಅಂದ್ರೆ? ವಸಂತದಲ್ಲಿ ನಿಮ್ಮಿಬ್ರನ್ನೂ ನಾನೇ ಅಗೆದು ತೆಗೀಬೇಕಾ? ನಂಗೂ ವಯಸ್ಸಾಯ್ತು ಕಣೇ, ಸೊಂಟ ಹಿಡ್ಕೊಂಡಿದೆ."

"ನೀನೇ ಹೇಳು ಅವಳಿಗೆ."

ಅವನು ಮೂರನೇ ಗುಡಿಸಲಿನ ಕಡೆ ನೋಡಿದ. ಅವಳು ಡೇರೆಯ ಹಗ್ಗಗಳನ್ನು ಬಿಗಿ ಮಾಡುತ್ತಿದ್ದಳು. "ನಾಳೆ ಹೇಳ್ತೀನಿ," ಎಂದು ಟೋಪಿ ಎಳೆದುಕೊಂಡು ಹೊರಟೇಬಿಟ್ಟ. ಗಂಡಸರ ಧೈರ್ಯ ಹಗ್ಗ, ಬಂಡೆಗಳ ಜೊತೆಗಷ್ಟೇ.

ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಹಿಮ ಬಿದ್ದಿತ್ತು. ಬಾಗಿಲು ತೆರೆದರೆ ಡೇರೆ ಕಾಣಲಿಲ್ಲ. ಭಾರಕ್ಕೆ ಕುಸಿದು ಬಿಳಿ ಗುಡ್ಡೆಯಾಗಿತ್ತು. ಒರ್ತಾನ್ಸಾ ಅದರ ಮೇಲೆ ಮಂಡಿಯೂರಿ ಬರಿಗೈಯಲ್ಲಿ ಹಿಮ ತೋಡುತ್ತಿದ್ದಳು. ಒಳಗೆ ಮನುಷ್ಯನೊಬ್ಬ ಸಿಕ್ಕಿಕೊಂಡಿದ್ದರೆ ಹೇಗೆ ತೋಡುತ್ತಾರೋ ಹಾಗೆ. ಜಗಳ ಮರೆತು ಸಲಿಕೆ ಎತ್ತಿಕೊಂಡು ಓಡಿದೆ. ಅವಳು ಬೇಡ ಅನ್ನಲಿಲ್ಲ. ಇಬ್ಬರೂ ತೋಡಿದೆವು. ಒಂದು ಕೋಲು ಮುರಿದಿತ್ತು, ಬಟ್ಟೆ ಉದ್ದಕ್ಕೆ ಹರಿದಿತ್ತು. ಅವಳು ಹರಿದ ಜಾಗದಿಂದ ಕೈ ತೂರಿಸಿ, ಮಲಗುವ ಚೀಲದೊಳಗೆ ತಡಕಿ, ಏನನ್ನೋ ಎಳೆದು ಎದೆಗೆ ಒತ್ತಿಕೊಂಡಳು.

ನೀಲಿ ಬಾಟಲಿ.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ಇದು ಅವನ ಜೊತೆ ಹೋಯ್ತು ಅಂತ ನಾನು ಪಾಂತೆಲಿಮೋನಿಗೆ ಹೇಳಿದ್ದೆನಲ್ಲ ಅಮ್ಮಾ."

"ನೀವು ಹೇಳಿದ್ದು ನಿಜ ಅಂತಲೇ ಅವರು ಅಷ್ಟು ದಿನ ಹುಡುಕಿದ್ರು." ಅವಳು ಹಿಮದ ಮೇಲೆ ಕೂತೇ ಮಾತಾಡಿದಳು. "ಬಂದ ದಿನಾನೇ ಸಿಕ್ತು ನಂಗೆ. ಬಟ್ಟೆ ಗಂಟಿನ ಪಕ್ಕದಲ್ಲಿತ್ತು, ತುಂಬಿತ್ತು. ತುಂಬಿಸಿಟ್ಟು ಮರೆತು ಹೋಗಿದಾನೆ. ಸ್ಕೂಲಿಗೆ ಹೋಗುವಾಗಲೂ ಹಾಗೇ, ಗೇಟಿನವರೆಗೂ ನಾನೇ ಹಿಂದೆ ಓಡ್ಬೇಕಿತ್ತು. ನೀರಿಲ್ಲ ಅಂತ ಗೊತ್ತಾದ್ರೆ ಬೇಗ ಕೈ ಬಿಡ್ತಾರೆ ಅಂತ ಬಚ್ಚಿಟ್ಟೆ."

ನಾನು ಅವಳ ಪಕ್ಕದಲ್ಲಿ ಕೂತುಬಿಟ್ಟೆ.

"ನೀವು ತಂದ ನೀರಲ್ಲಿ ದಿನಾ ಮೊದಲು ಇದನ್ನ ತುಂಬಿಸ್ತಿದ್ದೆ," ಅಂದಳು. "ಹಳೇದು ಚೆಲ್ಲಿ ಹೊಸದು. ಬಂದವನೇ ಮೊದಲು ನೀರು ಕೇಳ್ತಾನಲ್ಲ ಅಂತ. ಆಮೇಲೆ ಅದಕ್ಕೇ ನಾನೇ ಇಳಿದು ತಂದೆ. ಇವತ್ತಿಗೂ ನಿನ್ನೆ ಸಂಜೇನೇ ತುಂಬಿಸಿಟ್ಟಿದೀನಿ, ನೋಡಿ, ಹಿಮ ಬೀಳೋಕೆ ಮುಂಚೆ."

ನಾನು ಅವನು ಸತ್ತ ಎಂದು ಹೊತ್ತು ತಂದ ನೀರನ್ನು ಅವಳು ಅವನು ಬರುತ್ತಾನೆ ಎಂದು ತುಂಬಿಡುತ್ತಿದ್ದಳು. ಹುಡುಗ ಮಾತ್ರ ಆ ಬಿಸಿಲಲ್ಲಿ, ಆ ಒಣಕಲ್ಲಿನ ಮೇಲೆ, ಒಂದು ತೊಟ್ಟೂ ಇಲ್ಲದೆ ಹೋಗಿದ್ದ. ನನಗೆ ಅಳು ತಡೆಯಲಾಗಲಿಲ್ಲ. ಕರವಸ್ತ್ರವಿಲ್ಲದೆ ಕೈಗವಸಿನಿಂದಲೇ ಮೂಗು ಒರೆಸಿಕೊಂಡು ಅತ್ತುಬಿಟ್ಟೆ. ಅವಳು ಅಳಲಿಲ್ಲ.

"ಸತ್ತೋರಿಗೆ ಬಾಯಾರಿಕೆ ಇರುತ್ತೆ ಅಂದ್ರಲ್ಲ ಲಿಯೊಂತಿನಕ್ಕ, ನಿಜಾನಾ?" ಎಂದು ಕೇಳಿದಳು. ನನ್ನನ್ನು ಅಕ್ಕ ಎಂದದ್ದು ಅದೇ ಮೊದಲು.

"ಹಿರೀಕರು ಹೇಳ್ತಾರೆ. ನಾನು ಕನಸಲ್ಲಿ ಕಂಡಿದ್ದಷ್ಟೇ. ಅದಕ್ಕಿಂತ ಹೆಚ್ಚು ನಂಗೊತ್ತಿಲ್ಲ."

"ನನ್ನ ಕನಸಿಗೆ ಅವನು ಬರೋದೇ ಇಲ್ಲ. ಸಿಟ್ಟಿರಬೇಕು."

ಬೆಟ್ಟದ ಕಡೆ ನೋಡಿದಳು. ಮೋಡ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆಮೇಲೆ ನೀಲಿಗಟ್ಟಿದ ಬೆರಳುಗಳಿಂದ ಮುಚ್ಚಳ ತಿರುಗಿಸಿದಳು. ಸುಲಭವಾಗಿ ಬರಲಿಲ್ಲ. ನಾನು ಕೈ ಚಾಚಿದರೆ ಕೊಡಲಿಲ್ಲ. ತಾನೇ ತೆರೆದು, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು.

"ಕುಡೀರಿ," ಅಂದಳು. "ಒಕ್ತಾವನ ಹೆಸರಲ್ಲಿ."

ಎಷ್ಟು ಬೆಳಗು ಆ ಮಾತಿಗೆ ಕಾದಿದ್ದೆ. ಬಾಟಲಿಯನ್ನು ಕೈಗೆ ತೆಗೆದುಕೊಂಡೆ. ಕುಡಿದೆ. ಹಲ್ಲು ಜುಂ ಅಂದಿತು. ಇನ್ನು ಹೇಳಬೇಕಾದ ಮಾತೊಂದು ಉಳಿದಿತ್ತು. ನಾನು ಅದನ್ನು ಆಡಿದರೆ ಅವನು ಸತ್ತ. ಎರಡು ಬಟ್ಟಲು ಸಾರು ಕುಡಿದು ನನ್ನನ್ನು ಅಜ್ಜಿ ಎಂದ ಹುಡುಗ. ಅವನು ಸತ್ತ ಎಂದು ಇಷ್ಟು ದಿನ ಹಟ ಹಿಡಿದವಳಿಗೆ ಈಗ, ಯಾರಿಗೆ ಗೊತ್ತು, ಇದ್ದರೂ ಇರಬಹುದಲ್ಲ ಅನ್ನಿಸಿತು. ಸಾವೆತ ಯಾಕೆ ಬಾಗಿಲು ಹಾಕಿದಳೆಂದು ಆಗ ತಿಳಿಯಿತು.

"ಹೇಳಿ ಅಕ್ಕ," ಅಂದಳು ಒರ್ತಾನ್ಸಾ. ನನ್ನ ಬಾಯನ್ನೇ ನೋಡುತ್ತಿದ್ದಳು. "ಅವನಿಗೆ ಹೋಗ್ಬೇಕಲ್ಲ."

"ದೇವರು ಅವನನ್ನು ಕ್ಷಮಿಸಲಿ," ಅಂದೆ.

ಅವಳು ತಲೆಯಾಡಿಸಿದಳು. ಬಾಟಲಿ ತೆಗೆದುಕೊಂಡು ಮುಚ್ಚಳ ಹಾಕಿದಳು. ಎದ್ದು ಲಂಗ ಕೊಡವಿಕೊಂಡು ಡೇರೆಯ ಮೊದಲ ಗೂಟವನ್ನು ಕಿತ್ತಳು.

ಪಾಂತೆಲಿಮೋನನ ಜೀಪು ಚಕ್ರಕ್ಕೆ ಸರಪಳಿ ಕಟ್ಟಿಕೊಂಡು ಗುರುಗುಡುತ್ತ ಬರುವ ಹೊತ್ತಿಗೆ ಡೇರೆ ಮಡಚಿ ಆಗಿತ್ತು. ಬೀಚ್ ಮರದ ಕೆಳಗೆ ಹಳದಿ ಹುಲ್ಲಿನ ಒಂದು ಚೌಕ ಉಳಿದಿತ್ತು. ಅವನು ಅದನ್ನು ನೋಡಿ ಟೋಪಿ ತೆಗೆದ. ಜೀಪಿನ ಬಾಗಿಲು ತೆರೆದು, "ಬನ್ನಿ ತಾಯಿ, ದಾರಿ ಮುಚ್ಚೋ ಮೊದಲು," ಅಂದ.

ಒರ್ತಾನ್ಸಾ ನನ್ನ ಕಡೆ ತಿರುಗಿದಳು.

"ಎಷ್ಟು ದಿನ ಹೊರಬೇಕು?"

"ನಲವತ್ತು."

"ನೀವು ಹೊತ್ತಿದ್ದು ಸೇರುತ್ತಾ?"

ಸೇರುತ್ತದೆ ಎಂದಿದ್ದರೆ ಅವಳು ಅವತ್ತೇ ಬೆಚ್ಚಗೆ ಮನೆ ಸೇರುತ್ತಿದ್ದಳು. ಆದರೆ ಇಂಥದ್ದರಲ್ಲಿ ಸುಳ್ಳು ನಡೆಯುವುದಿಲ್ಲ.

"ಇಲ್ಲಮ್ಮ. ಕುಡಿದು ಆ ಮಾತು ಆಡೋರು ಇರಲಿಲ್ಲವಲ್ಲ."

"ಹಾಗಾದ್ರೆ ಇವತ್ತಿಗೆ ಒಂದಾಯ್ತು," ಎಂದು ಜೀಪಿನ ಬಾಗಿಲನ್ನು ತಾನೇ ಮುಚ್ಚಿದಳು. "ನೀವು ಕೆಳಗೆ ಹೋಗೋದಾದ್ರೆ ಹೋಗಿ ಅಕ್ಕ. ನಾನು ಸಾವೆತಮ್ಮನ ಮನೆಗೆ ಹೊರ್ತೀನಿ."

"ಆ ಮುದುಕಿ ಕೈಗೆ ಕೊಡೋಕೆ ನಾನು ಬಿಡ್ತೀನಾ?" ಅಂದೆ.

ಪಾಂತೆಲಿಮೋನ್ ನಮ್ಮಿಬ್ಬರನ್ನೂ ನೋಡಿ, ಬಾಯಲ್ಲಿ ಏನೋ ಬೈದುಕೊಂಡು, ಜೀಪಿನಲ್ಲಿದ್ದ ಆಲೂಗಡ್ಡೆ ಚೀಲವನ್ನು ಇಳಿಸಿ ಹೋದ.

ಮಾರನೆಯ ಬೆಳಿಗ್ಗೆ ನನ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಒರ್ತಾನ್ಸಾ. ಕೈಯಲ್ಲಿ ನನ್ನದೇ ಹೂಜಿ, ಅದರ ಕಂಠಕ್ಕೆ ಬತ್ತಿ, ಗಾಳಿಗೆ ಆರದ ಹಾಗೆ ಅಂಗೈ ಅಡ್ಡ ಹಿಡಿದಿದ್ದಳು. ಬೂಟಿನ ತುಂಬ ಹಿಮ. ಮಗನ ಹೆಸರು ಹೇಳಿದಳು. ನಾನು ಕುಡಿದು, ಆಡಬೇಕಾದ ಮಾತು ಆಡಿದೆ. ಅವಳು ಹೊರಡಲಿಲ್ಲ.

"ಅವನು ಇಲ್ಲಿ ಕೊನೆಗೆ ಏನು ತಿಂದ ಅಕ್ಕ? ಇಷ್ಟು ದಿನ ಕೇಳೋಕೆ ಆಗ್ಲಿಲ್ಲ."

"ಬೀನ್ಸ್ ಕಾಳಿನ ಸಾರು. ಎರಡು ಬಟ್ಟಲು." ಉಳಿದದ್ದನ್ನೂ ಹೇಳಿದೆ. "ನಿಮ್ಮದಕ್ಕಿಂತ ಚೆನ್ನಾಗಿದೆ ಅಂದ. ನಿಮಗೆ ಹೇಳ್ಬೇಡಿ ಅಂದಿದ್ದ."

ಅವಳ ತುಟಿ ನಗಲು ಹೊರಟಿತು.

"ಸುಳ್ಳ. ಹೋದೋರ ಮನೇಲೆಲ್ಲ ಅದನ್ನೇ ಹೇಳ್ತಿದ್ದ," ಅಂದಳು. ಅಂದವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, ನಾನು ಕಂಡ ಹಾಗೆ ಮೊದಲ ಸಲ, ಜೋರಾಗಿ ಅತ್ತಳು. ಬತ್ತಿ ಆರದ ಹಾಗೆ ಹೂಜಿಯನ್ನು ನಾನು ಅವಳ ಕೈಯಿಂದ ತೆಗೆದುಕೊಂಡೆ.